ಹೊರಗಿದ್ದವರನ್ನೇ ಹೊರಹಾಕುವ ಪದ

ವಾಪಸ್ ಬಂದ ಮೇಲೆ

ನಮ್ಮ ಬೀದಿಗೆ ನೀರಿನ ಟ್ಯಾಂಕರ್ ಬಂದಾಗಲೆಲ್ಲ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ತಟ್ಟೆಗಳು ಸಣ್ಣಗೆ ಸದ್ದು ಮಾಡುತ್ತವೆ. ಈ ಮನೆಗೆ ಬಂದಾಗಿನಿಂದ ಮಾಡುತ್ತಲೇ ಇವೆ. ಈಗ ಮಾತ್ರ ಆ ಸದ್ದು ಕೇಳಿದರೆ ಕೈಯಲ್ಲಿರುವುದನ್ನು ಕೆಳಗಿಟ್ಟು ಬಾಗಿಲ ಕಡೆ ನೋಡುತ್ತೇನೆ. ಹಗಲು ಹೊತ್ತು ಒಳಗಿನಿಂದ ಚಿಲಕ ಹಾಕುವುದನ್ನೂ ಬಿಟ್ಟಿದ್ದೇನೆ. ಪಕ್ಕದ ಮನೆಯವರು ಬೈಯುತ್ತಾರೆ, ಕಳ್ಳರ ಕಾಲ ಮೇಡಂ ಎನ್ನುತ್ತಾರೆ. ಇರಲಿ.

ಜಪಾನಿಗೆ ಹೋಗಿಬಂದೆ ಎಂದರೆ ಕಾಲೇಜಿನಲ್ಲಿ ಎಲ್ಲರೂ ಬುಲೆಟ್ ಟ್ರೇನು, ಚೆರ್ರಿ ಹೂವು ಎಂದು ಕೇಳುತ್ತಾರೆ. ಅದು ಹೂವಿನ ಕಾಲವಲ್ಲ, ಚಳಿಗಾಲ. ಬುಲೆಟ್ ಟ್ರೇನು ನಾನು ಹತ್ತಲಿಲ್ಲ. ನಾನು ಹೋದದ್ದು ಒಂದು ಜರ್ಮನ್ ಪದದ ಬಗ್ಗೆ ಮಾತಾಡಲು.

ಬೆಂಗಳೂರಿನಲ್ಲಿ ಜರ್ಮನ್ ಕಲಿಸುವ ಕೆಲಸ ನನ್ನದು. ಏಷ್ಯಾದ ಜರ್ಮನ್ ಅಧ್ಯಾಪಕರ ಸಣ್ಣದೊಂದು ಸಭೆ ಯೋಕೋಹಾಮಾದಲ್ಲಿತ್ತು. ಒಬ್ಬೊಬ್ಬರು ಒಂದೊಂದು ಜೋಡಿಪದ ಆರಿಸಿಕೊಂಡು ಅದರ ಹುಟ್ಟು ಬೆಳವಣಿಗೆ ಹೇಳಬೇಕು. ಜರ್ಮನ್ ಭಾಷೆಗೆ ಪದ ಅಂಟಿಸಿ ಪದ ಕಟ್ಟುವ ಚಟ ಇರುವುದರಿಂದ ಆಯ್ಕೆಗೆ ಕೊರತೆಯಿರಲಿಲ್ಲ. ನಾನು ಆರಿಸಿದ್ದು 'ಆವುಸ್‌ಬ್ಯುರ್ಗೆರುಂಗ್'. ಸರ್ಕಾರ ತನಗೆ ಬೇಡವಾದವರ ಪೌರತ್ವ ಕಿತ್ತುಕೊಂಡು ಅವರನ್ನು ದೇಶದ ಲೆಕ್ಕದಿಂದಲೇ ಹೊರಹಾಕುವುದಕ್ಕೆ ಆ ಭಾಷೆಯಲ್ಲಿರುವ ಹೆಸರು.

2011ರ ದೊಡ್ಡ ಭೂಕಂಪ ಆಗಿ ಮಾರನೆಯ ವರ್ಷ. ಅಮ್ಮನಿಗೆ ನಾನು ಹೋಗುವುದು ಇಷ್ಟವಿರಲಿಲ್ಲ.

"ಅಲ್ಲಿ ಭೂಮಿ ಇನ್ನೂ ನೆಟ್ಟಗೆ ನಿಂತಿಲ್ಲವಂತೆ ಕಣೇ ಗಿರಿಜಾ. ಒಂದು ಪದ ಹೇಳಕ್ಕೆ ಅಲ್ಲಿಗೆ ಹೋಗಬೇಕಾ? ಇಲ್ಲಿಂದಲೇ ಫೋನಲ್ಲಿ ಹೇಳು" ಎಂದಳು.

ಟೋಯೋಸು

ಇಳಿದುಕೊಂಡದ್ದು ಚಿಕ್ಕಮ್ಮನ ಮಗಳು ಶುಭಾಳ ಮನೆಯಲ್ಲಿ. ಟೋಕಿಯೊದ ಕೋಟೋ ವಾರ್ಡಿನಲ್ಲಿ, ಟೋಯೋಸುವಿನ ಎತ್ತರದ ಕಟ್ಟಡವೊಂದರಲ್ಲಿ ಅವರ ಫ್ಲ್ಯಾಟು. ಗಂಡ ಆ ವಾರ ಆಫೀಸಿನ ಕೆಲಸಕ್ಕೆ ನಗೋಯಾಕ್ಕೆ ಹೋಗಿದ್ದ. ಮನೆಯಲ್ಲಿ ಶುಭಾ ಮತ್ತು ನಾಲ್ಕನೆಯ ಕ್ಲಾಸಿನ ಮಗಳು ಅನಘಾ.

ಚಪ್ಪಲಿ ಬಿಡುವ ಜಾಗದಲ್ಲೇ ಒಂದು ಬೆನ್ನುಚೀಲ, ಅದರ ಮೇಲೆ ಮೂರು ಹೆಲ್ಮೆಟ್ಟು. ಭೂಕಂಪದ ಚೀಲ. ಒಳಗೆ ನೀರು, ಟಾರ್ಚು, ಔಷಧಿ. ಅವುಗಳ ಕೆಳಗೆ ಎರಡು ಕಿಲೋ ಅವಲಕ್ಕಿ, ಚಟ್ನಿಪುಡಿ, ಬೆಲ್ಲ.

"ಇಲ್ಲಿಯವರು ಬಿಸ್ಕತ್ತು ಇಟ್ಕೋತಾರೆ. ನಾವು ಗೊಜ್ಜವಲಕ್ಕಿ ಪಾರ್ಟಿ" ಎಂದಳು ಶುಭಾ. "ಒಲೆ ಬೇಡ, ತಣ್ಣೀರು ಸಾಕು. ಆರು ತಿಂಗಳಿಗೊಮ್ಮೆ ಹಳೇದು ತೆಗೆದು ತಿಂದು ಹೊಸದು ತುಂಬ್ತೀನಿ. ಭೂಕಂಪದ ಹೆಸರಲ್ಲಿ ಒಂದು ಹಬ್ಬ."

ನನಗೆ ತರಬೇತಿ ಕೊಟ್ಟವಳು ಅನಘಾ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಬರುವುದು ಬೇರೆ.

"ದೊಡ್ಡಮ್ಮ, ಫಸ್ಟ್ ಟೇಬಲ್ ಕೆಳಗೆ. ಆಮೇಲೆ ಡೋರ್ ಓಪನ್. ಆಮೇಲೆ ಇದು." ಬಾಗಿಲ ಒಳಬದಿಗೆ ಅಂಟಿಸಿದ್ದ ಅಂಗೈ ಅಗಲದ ಫಲಕವೊಂದನ್ನು ಕಿತ್ತು ತೋರಿಸಿದಳು. "ಇದು ಹೊರಗೆ ಹಾಕ್ಬೇಕು. ವಿ ಆರ್ ಓಕೆ ಅಂತ."

"ಹಾಕದಿದ್ದರೆ?"

"ಹಾಕಿಲ್ಲ ಅಂದ್ರೆ ಅವರು ಬಂದು ನೋಡ್ತಾರೆ. ಸುಮ್ನೆ ಅವರ ಟೈಮ್ ವೇಸ್ಟ್." ಬೇರೆ ಕಡೆಗಳಲ್ಲಿ ಫಲಕದ ಬದಲು ಟವೆಲ್ಲೋ ಹಳದಿ ಬಟ್ಟೆಯೋ ಕಟ್ಟುತ್ತಾರೆ, ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದಾರೆ ಎಂದಳು. ಅವರ ಸಮಯ ಹಾಳು ಮಾಡುವುದು ದೊಡ್ಡ ತಪ್ಪು ಎನ್ನುವ ಮುಖ ಮಾಡಿದಳು. ನಾನು ಒಳ್ಳೆಯ ವಿದ್ಯಾರ್ಥಿನಿಯ ಹಾಗೆ ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡೆ.

ಊಟಕ್ಕೆ ಕೂತಾಗ ನನ್ನ ಪದದ ಮಾತು ಬಂತು. ಶುಭಾ ಹುಳಿ ಬಡಿಸುತ್ತಾ, "ಗಡಿಪಾರು ಅಂದ್ರೆ ಮುಗೀತಲ್ಲ ಅಕ್ಕ, ಅದಕ್ಕೊಂದು ಭಾಷಣವಾ?" ಎಂದಳು.

ಗಡಿಪಾರಿನಲ್ಲಿ ಮನುಷ್ಯ ಚಲಿಸುತ್ತಾನೆ. ಜೀಪಿನಲ್ಲಿ ಕೂರಿಸಿ, ಜಿಲ್ಲೆಯ ಗಡಿ ದಾಟಿಸಿ, ಇಳಿಸಿ ಬರುತ್ತಾರೆ. ಈ ಜರ್ಮನ್ ಪದದಲ್ಲಿ ಮನುಷ್ಯ ಕೂತಲ್ಲೇ ಕೂತಿರಬಹುದು, ಅವನ ಪೌರತ್ವ ಎದ್ದು ಹೋಗುತ್ತದೆ ಎಂದು ವಿವರಿಸಿದೆ. ಶುಭಾ ಹುಳಿಯ ಪಾತ್ರೆ ಕೆಳಗಿಟ್ಟಳು.

"ದೊಡ್ಡ ಭೂಕಂಪ ಆದಾಗ ನಾವು ಮೂರು ವಾರ ಇಂಡಿಯಾಗೆ ಬಂದುಬಿಟ್ವಲ್ಲ" ಎಂದಳು. "ವಾಪಸ್ ಇಲ್ಲಿಗೆ ಬಂದಾಗ ಇವರ ಆಫೀಸಲ್ಲಿ ಯಾರೂ ಏನೂ ಅನ್ನಲಿಲ್ಲ. ಏನಾದ್ರೂ ಅಂದಿದ್ರೆ ಚೆನ್ನಾಗಿತ್ತು. ಎಲ್ಲಾರೂ ನಗ್ತಾನೇ ಇದ್ರು, ಊಟಕ್ಕೆ ಮಾತ್ರ ಕರೀತಿರಲಿಲ್ಲ."

ಯೋಕೋಹಾಮಾ: ಸಭೆ

ಸಭೆ ನಡೆಸುತ್ತಿದ್ದವರು ಮೊರಿತಾ ಸಾನ್, ಐವತ್ತರ ಆಸುಪಾಸಿನ ಜರ್ಮನ್ ಅಧ್ಯಾಪಕಿ. ಹೆಸರಿನ ಮುಂದೆ 'ಸಾನ್' ಎಂದರೆ ನಮ್ಮ 'ಅವರು' ಇದ್ದ ಹಾಗೆ. ಮೂವತ್ತು ಜನ ಹಿಡಿಸುವ ಕೋಣೆ. ಕುರ್ಚಿ ಜೋಡಿಸಿದವರೂ ಅವರೇ, ಚಹಾ ಸುರಿದವರೂ ಅವರೇ.

ನಾನು ಪದವನ್ನು ಹಲಗೆಯ ಮೇಲೆ ಮೂರು ತುಂಡು ಮಾಡಿದೆ. 'ಆವುಸ್' ಎಂದರೆ ಹೊರಗೆ. 'ಬ್ಯುರ್ಗೆರ್' ಎಂದರೆ ಪೌರ. 'ಉಂಗ್' ಎನ್ನುವುದು ಕ್ರಿಯೆಯನ್ನು ನಾಮಪದ ಮಾಡುವ ಬಾಲ. ನಡುವಿನ ತುಂಡನ್ನು ಇನ್ನೂ ಬಿಡಿಸಿದರೆ 'ಬುರ್ಗ್', ಕೋಟೆ. ಕೋಟೆಯೊಳಗಿರುವವನು ಬ್ಯುರ್ಗೆರ್. ನಾನು ಚಿತ್ರದುರ್ಗದವಳು, ಏಳು ಸುತ್ತಿನ ಕೋಟೆಯ ನೆರಳಲ್ಲಿ ಓದಿದವಳು. ಈ ಪದವನ್ನು ಯಾರೂ ನನಗೆ ಕಲಿಸಬೇಕಾಗಿರಲಿಲ್ಲ ಎಂದೆ. ನಮ್ಮ 'ಪೌರ' ಕೂಡ 'ಪುರ'ದವನು, ಪುರ ಎನ್ನುವುದಕ್ಕೂ ಹಳೆಯ ಅರ್ಥ ಕೋಟೆಗೋಡೆಯೇ. ಮೊರಿತಾ ಸಾನ್ ಎದ್ದು, ಜಪಾನಿ ಭಾಷೆಯಲ್ಲಿ ಪೌರತ್ವಕ್ಕೆ ಬರೆಯುವ ಎರಡು ಅಕ್ಷರಗಳಲ್ಲಿ ಒಂದು ದೇಶ, ಇನ್ನೊಂದು ದಾಖಲೆ, ನಮ್ಮಲ್ಲಿ ಕೋಟೆ ಇಲ್ಲ ರಿಜಿಸ್ಟರ್ ಇದೆ ಎಂದರು. ಎಲ್ಲರೂ ನಕ್ಕರು.

ಒಳಗೆ ಸೇರಿಸಿಕೊಳ್ಳುವ 'ಐನ್‌ಬ್ಯುರ್ಗೆರುಂಗ್' ಮೊದಲು ಹುಟ್ಟಿತು. ಹೊರಹಾಕುವ ಪದವನ್ನು ಅದರ ಅಚ್ಚಿನಲ್ಲೇ ಆಮೇಲೆ ಎರಕ ಹೊಯ್ದರು. ಅದಕ್ಕೂ ಎಷ್ಟೋ ಹಿಂದೆ, ಮಧ್ಯಯುಗದ ಊರುಗಳಲ್ಲಿ 'ಆವುಸ್‌ಬ್ಯುರ್ಗೆರ್' ಎಂಬ ಪದ ಬಳಕೆಯಲ್ಲಿತ್ತು. ಆಗ ಅದರ ಅರ್ಥ ಪೂರ್ತಿ ಬೇರೆ: ಕೋಟೆಯ ಹೊರಗೆ ವಾಸವಿದ್ದೂ ಒಳಗಿನವರ ಹಕ್ಕುಗಳಿರುವ ಮನುಷ್ಯ. ಇದನ್ನು ನಾನು ಸಮಯ ಮೀರಿದ್ದರಿಂದ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದೆ.

ಚಹಾದ ಹೊತ್ತಿನಲ್ಲಿ ಹಿಂದಿನ ಸಾಲಿನ ಮುದುಕರೊಬ್ಬರು ಬಂದರು. ಎತ್ತರದ ಆಳು, ನೀಲಿ ಕಣ್ಣು, ಜಪಾನಿಗಳ ಹಾಗೆ ಸೊಂಟ ಬಾಗಿಸಿ ನಮಸ್ಕಾರ. ಹೆಸರು ವಾಲ್ಟರ್, ಸಭೆಯಲ್ಲಿ ಎಲ್ಲರಿಗೂ ವಾಲ್ಟರ್ ಸಾನ್. ಹುಟ್ಟಿದ್ದು ಇದೇ ಯೋಕೋಹಾಮಾದಲ್ಲಿ. ಮೊರಿತಾ ಸಾನ್ ಅವರಿಗೆ ಜರ್ಮನ್ ಕಲಿಸಿದ ಮೇಷ್ಟ್ರು ಅವರು.

"ಫ್ರಾವ್ ಗಿರಿಜಾ, ನೀವು ಬಿಡಿಸಿದ್ದು ಸರಿ" ಎಂದರು ಜರ್ಮನ್ನಿನಲ್ಲಿ. "ಆದರೆ ನಿಮ್ಮ 'ಆವುಸ್' ತುಂಬ ಸಭ್ಯವಾಗಿದೆ. ಒಳಗಿದ್ದವನು ಹೊರಗೆ ಹೋಗುತ್ತಾನೆ ಎಂದಿರಿ. ನಮ್ಮಪ್ಪ ಎಲ್ಲಿಗೂ ಹೋಗಲಿಲ್ಲ. ಇದೇ ಊರಲ್ಲಿ ಯಾರದೋ ಮನೆಯ ಪಿಯಾನೊದೊಳಗೆ ತಲೆ ಹಾಕಿ ರಿಪೇರಿ ಮಾಡುತ್ತಿದ್ದ. ಸಂಜೆ ಮನೆಗೆ ಬಂದಾಗ ಅವನು ಜರ್ಮನ್ ಆಗಿರಲಿಲ್ಲ. ಅಮ್ಮನೂ ಅಲ್ಲ, ತೊಟ್ಟಿಲಲ್ಲಿದ್ದ ನಾನೂ ಅಲ್ಲ."

ಯುದ್ಧಕಾಲದಲ್ಲಿ ಬರ್ಲಿನ್ನಿನಿಂದ ಬಂದ ಆಜ್ಞೆ ಅದು. ಹೊರದೇಶದಲ್ಲಿ ನೆಲೆಸಿರುವ ಯಹೂದಿ ಇನ್ನು ಜರ್ಮನ್ ಪ್ರಜೆಯಲ್ಲ.

"ಊರು ಬಿಟ್ಟು ಓಡಿಸಿದವರೂ ಅವರೇ. ಊರಲ್ಲಿ ಇಲ್ಲ ಎಂದು ಹೆಸರು ಹೊಡೆದವರೂ ಅವರೇ" ಎಂದರು ವಾಲ್ಟರ್ ಸಾನ್, ಚಹಾಕ್ಕೆ ಸಕ್ಕರೆ ಕಲಸುತ್ತಾ.

ಮೊರಿತಾ ಸಾನ್ ಮಾತು ಬದಲಿಸಲೆಂದೋ ಏನೋ, ಹಿಂದಿನ ಕಾಲದ ಜಪಾನಿ ಹಳ್ಳಿಗಳ ಬಹಿಷ್ಕಾರದ ಸಂಗತಿ ತೆಗೆದರು. ಒಬ್ಬರನ್ನು ದೂರವಿಟ್ಟರೆ ಹತ್ತು ವ್ಯವಹಾರಗಳಲ್ಲಿ ಎಂಟನ್ನು ಕಡಿದುಹಾಕುತ್ತಿದ್ದರಂತೆ. ಉಳಿಯುತ್ತಿದ್ದವು ಎರಡೇ: ಮನೆಗೆ ಬೆಂಕಿ ಬಿದ್ದರೆ ಬರುತ್ತಿದ್ದರು, ಸಾವಾದರೆ ಬರುತ್ತಿದ್ದರು.

"ನಮ್ಮ ಕಡೆ ಬಹಿಷ್ಕಾರ ಹಾಕಿದರೆ ಮೊದಲು ನಿಲ್ಲಿಸುತ್ತಿದ್ದದ್ದೇ ಬೆಂಕಿ ಮತ್ತು ನೀರು" ಎಂದೆ. ಕೆಲವು ಕಡೆ ಈಗಲೂ ನಿಲ್ಲಿಸುತ್ತಾರೆ ಎನ್ನುವುದನ್ನು ಹೊರದೇಶದವರ ಮುಂದೆ ಹೇಳಲು ನಾಲಗೆ ಹೊರಳಲಿಲ್ಲ.

"ಹಾಗಾದರೆ ನಾನು ಇಲ್ಲೇ ಬಹಿಷ್ಕಾರ ಹಾಕಿಸಿಕೊಳ್ಳುತ್ತೇನೆ" ಎಂದರು ವಾಲ್ಟರ್ ಸಾನ್. ಹೊರಡುವ ಮುನ್ನ, "ಆ ಹಳೆಯ ಪದ ಇನ್ನೊಮ್ಮೆ ಹೇಳಿ, ಕೊನೆಯಲ್ಲಿ ಓಡಿಸಿಬಿಟ್ಟಿರಲ್ಲ, ಅದು. ನಾಳೆ ಮನೆಗೇ ಬನ್ನಿ. ಪದಮೂಲದ ದೊಡ್ಡ ನಿಘಂಟು ನನ್ನಲ್ಲಿದೆ, ಹುಡುಕೋಣ" ಎಂದರು.

ಗುಡ್ಡದ ಕೆಳಗಿನ ಬೀದಿ

ವಿದೇಶೀಯರ ಹಳೆಯ ಬಂಗಲೆಗಳಿರುವ ಗುಡ್ಡದ ಮೇಲಲ್ಲ, ಅದರ ಬುಡದ ಓಣಿಯೊಂದರಲ್ಲಿ ಅವರ ಮನೆ. ಮರದ ಹಳೆಯ ಮನೆ. ಪಕ್ಕಕ್ಕೆ ಜರುಗುವ ಬಾಗಿಲು. ಒಳಗೆ ಬಂದು, ಚಪ್ಪಲಿ ಬಿಟ್ಟು, ತಿರುಗಿ ಬಾಗಿಲ ಚಿಲಕ ಹಾಕಿದೆ. ಬೆಂಗಳೂರಿನ ಕೈ; ಯೋಚಿಸಿ ಮಾಡಿದ್ದಲ್ಲ.

ಮುಂದಿನ ಕೋಣೆಯಲ್ಲಿ ಸೀಮೆಎಣ್ಣೆ ಹೀಟರು, ಅದರ ಮೇಲೆ ಕೆಟಲು. ಪುಸ್ತಕದ ಕಪಾಟುಗಳನ್ನೆಲ್ಲ ಗೋಡೆಗೆ ಪಟ್ಟಿಯಿಂದ ಬಿಗಿದಿದ್ದರು. ಒಳಕೋಣೆಯಲ್ಲಿ ಅಪ್ಪನ ಪಿಯಾನೊ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದು.

"ಎಲ್ಲವನ್ನೂ ಕಟ್ಟಿದ್ದೀರಿ, ಇದನ್ನು ಬಿಟ್ಟಿದ್ದೀರಲ್ಲ?"

"ಗೋಡೆಗೆ ಅದರಷ್ಟು ಶಕ್ತಿ ಇಲ್ಲ" ಎಂದು ನಕ್ಕರು.

ನಿಘಂಟನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆವು. ಬುರ್ಗ್ ಎಂಬ ಪದಕ್ಕೂ, ಕಾಪಾಡು, ಮರೆಯಲ್ಲಿಡು ಎನ್ನುವ 'ಬೆರ್ಗೆನ್' ಪದಕ್ಕೂ ನಂಟಿದೆ ಎಂದು ಕೆಲವರು, ಇಲ್ಲ ಎಂದು ಕೆಲವರು. 'ಏಲೆಂಡ್' ಎಂದರೆ ಇವತ್ತಿನ ಜರ್ಮನ್ನಿನಲ್ಲಿ ದುರ್ಗತಿ. ಅದರ ಮೂಲ ರೂಪಕ್ಕೆ ಬೇರೆ ನೆಲದವನು, ನಾಡಿನಿಂದ ಹೊರಬಿದ್ದವನು ಎಂದರ್ಥ. ನಮ್ಮಲ್ಲಿ ಗತಿಯಿಲ್ಲದವನನ್ನು ಪರದೇಶಿ ಎನ್ನುತ್ತೇವೆ ಎಂದೆ. ಅವರು ಆ ಪದವನ್ನು ಎರಡು ಸಲ ಹೇಳಿ ನೋಡಿದರು. ಆಮೇಲೆ ನಿಘಂಟನ್ನು ಪಕ್ಕಕ್ಕೆ ಸರಿಸಿದರು.

"ಮುಂದಿನ ವಾರ ಟೋಕಿಯೊದಲ್ಲಿ ಜರ್ಮನ್ ರಾಯಭಾರ ಕಚೇರಿಗೆ ಹೋಗಬೇಕು" ಎಂದರು.

ವಿಷಯ ಇಷ್ಟು. ಅವರ ಹೆಂಡತಿ ಜಪಾನಿನವರು, ತೀರಿಕೊಂಡಿದ್ದಾರೆ. ಒಬ್ಬಳೇ ಮಗಳು ಹನ್ನಾ, ಹಾಂಬುರ್ಗಿನಲ್ಲಿ ಮದುವೆಯಾಗಿ ನೆಲೆಸಿದ್ದಾಳೆ. ದೊಡ್ಡ ಭೂಕಂಪದ ದಿನ ಎಷ್ಟೋ ಹೊತ್ತು ಅಪ್ಪನ ಫೋನ್ ಸಿಕ್ಕಿರಲಿಲ್ಲ. ಅಂದಿನಿಂದ ಅವಳದು ಒಂದೇ ಹಟ. ಆಗ ಪೌರತ್ವ ಕಿತ್ತುಕೊಂಡವರಿಗೆ, ಅವರ ಮಕ್ಕಳಿಗೆ, ಕೇಳಿದರೆ ಮರಳಿ ಕೊಡಬೇಕು ಎಂದು ಜರ್ಮನಿಯ ಕಾನೂನು ಇದೆ. ಅಪ್ಪಾ, ಕೇಳು, ತಗೋ, ಇಲ್ಲಿಗೆ ಬಾ.

"ತೆಗೆದುಕೊಳ್ಳುವುದಕ್ಕೇನು?" ಎಂದೆ.

"ತೆಗೆದುಕೊಂಡರೆ ಜಪಾನಿನದು ಹೋಗುತ್ತದೆ. ಎರಡನ್ನು ಇಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ."

ನಮ್ಮ ದೇಶದಲ್ಲೂ ಇಲ್ಲ ಎಂದೆ.

"ನಲವತ್ತು ದಾಟುವವರೆಗೆ ನಾನು ಯಾವ ದೇಶದವನೂ ಆಗಿರಲಿಲ್ಲ. ಆಮೇಲೆ ಇವರು ಸೇರಿಸಿಕೊಂಡರು. ಈಗ ಎಪ್ಪತ್ತು ಆದ ಮೇಲೆ ಇದೇ ಓಣಿಯಲ್ಲಿ ಮತ್ತೆ ನಿಮ್ಮ ಆ ಪದ ಆಗಬೇಕು. ಏನದು? ಪರದೇಶಿ. ಬೇಡ ಎಂದರೆ ಅಪ್ಪನ ಹೆಸರು ಹೊಡೆದದ್ದು ಹೊಡೆದ ಹಾಗೇ ಉಳಿಯುತ್ತದೆ. ಅವನು ಕೊನೆಯವರೆಗೂ ಕಾಯುತ್ತಿದ್ದ." ಹೀಗೆಂದು ಅಪ್ಪನ ಫೋಟೊ ತೋರಿಸಲು ಎದ್ದು ಒಳಕೋಣೆಗೆ ಹೋದರು.

ಅದೇ ಮಧ್ಯಾಹ್ನ

ಮೊದಲು ಬಂದದ್ದು ಸದ್ದು, ಲಾರಿಯಂಥದ್ದು. ಆಮೇಲೆ ಮನೆಯನ್ನು ಯಾರೋ ಮೊರ ಹಿಡಿದು ಕೇರಿದ ಹಾಗೆ. ನಾನು ಮೇಜಿನ ಕೆಳಗೆ ಸೇರಿದೆ, ಅನಘಾ ಹೇಳಿದಂತೆ. ಕೆಟಲು ಬಿತ್ತು, ಹೀಟರು ತಾನಾಗಿ ಆರಿ ವಾಲಿ ಬಿದ್ದು ಸೀಮೆಎಣ್ಣೆಯ ವಾಸನೆ ಎದ್ದಿತು. ಒಳಕೋಣೆಯಲ್ಲಿ ಒಂದು ಕೂಗು. ಕೂಗಿನ ಜೊತೆಗೆ ಪಿಯಾನೊದ ತಂತಿಗಳೆಲ್ಲ ಒಟ್ಟಿಗೆ ಗುಂಯ್ ಎಂದವು. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಸಂಗೀತದ ವಾದ್ಯವನ್ನು ಯಾರೂ ನುಡಿಸದೆ ಇರುವಾಗ ಅದು ಮಾಡುವ ಸದ್ದು.

ನಡುಕ ನಿಂತ ಮೇಲೆ ಓಡಿಹೋಗಿ ನೋಡಿದೆ. ಪಿಯಾನೊ ತನ್ನ ಚಕ್ರಗಳ ಮೇಲೆ ಓರೆಯಾಗಿ ಜಾರಿ ಬಂದು ವಾಲ್ಟರ್ ಸಾನ್ ಅವರ ಬಲಗಾಲನ್ನು ಕಪಾಟಿಗೆ ಒತ್ತಿ ಹಿಡಿದಿತ್ತು. ಅವರು ನೆಲದ ಮೇಲೆ ಕೂತಿದ್ದರು. ಮುಖ ಸುಣ್ಣದ ಹಾಗಿತ್ತು.

ತಳ್ಳಿದೆ. ಅಲುಗಲಿಲ್ಲ. ಬಾಗಿಲಿಗೆ ಓಡಿದೆ. ಚೌಕಟ್ಟು ತಿರುಚಿಕೊಂಡು ಚಿಲಕ ಕಚ್ಚಿತ್ತು. ಎರಡೂ ಕೈಯಲ್ಲಿ ಎಳೆದೆ, ಉಗುರು ಕಿತ್ತುಬಂತು. ಫೋನಿನಲ್ಲಿ ಜಪಾನಿ ಹೆಣ್ಣುದನಿ ಒಂದೇ ವಾಕ್ಯವನ್ನು ಹೇಳುತ್ತಿತ್ತು. ಹೊರಗೆ ಕಂಬದ ಮೇಲಿನ ಧ್ವನಿವರ್ಧಕವೂ ಏನೋ ಸಾರುತ್ತಿತ್ತು. ಯೋಕೋಹಾಮಾ ಬಂದರಿನ ಊರು. ಸುನಾಮಿ ಎಂಬ ಪದ ಬರುತ್ತದೆಯೇ ಎಂದಷ್ಟೇ ಕಿವಿಗೊಟ್ಟೆ. ಪದವೇನೋ ಬರುತ್ತಿತ್ತು; ಸುನಾಮಿ ಬರುತ್ತಿದೆ ಎಂದೋ, ಬರುವುದಿಲ್ಲ ಎಂದೋ ತಿಳಿಯಲಿಲ್ಲ.

ಆಗ ಬಾಗಿಲ ಪಕ್ಕದ ಮೊಳೆಯಲ್ಲಿ ಹಳದಿ ಬಟ್ಟೆ ಕಂಡಿತು. ಕಿಟಕಿಯ ಸರಳಿನಿಂದ ನೋಡಿದರೆ ಎದುರು ಮನೆಯವರು ಅಂಥದ್ದೇ ಬಟ್ಟೆಯನ್ನು ಬಾಗಿಲಿಗೆ ಕಟ್ಟುತ್ತಿದ್ದರು. ಅನಘಾಳ ಪಾಠದ ಮೂರನೆಯ ಮೆಟ್ಟಿಲು. ಬುದ್ಧಿ ನಿಂತುಹೋದಾಗ ಕೈ ಪಾಠ ಒಪ್ಪಿಸುತ್ತದೆ. ಬಟ್ಟೆಯನ್ನು ಸರಳಿನ ನಡುವೆ ತೂರಿಸಿ ಹೊರಗೆ ಚೆನ್ನಾಗಿ ಕಾಣುವ ಹಾಗೆ ಗಂಟು ಹಾಕಿದೆ. ಆಮೇಲೆ ಸಹಾಯಕ್ಕೆ ಕೂಗಿದೆ. ನನಗೆ ಗೊತ್ತಿದ್ದ ಜಪಾನಿ ಒಂದೇ: "ಸುಮಿಮಾಸೆನ್."

ಹೆಲ್ಮೆಟ್ಟು ಹಾಕಿದ್ದ ಮುದುಕಿಯೊಬ್ಬರು ಇಬ್ಬರು ಗಂಡಸರ ಜೊತೆ ಮನೆಮನೆ ನೋಡುತ್ತಾ ಬಂದರು. ನನ್ನ ಕಡೆ ತಿರುಗಿದರು. ಬಟ್ಟೆ ನೋಡಿದರು. ಕಿಟಕಿಯಲ್ಲಿ ವಿದೇಶಿ ಹೆಂಗಸು ಕ್ಷಮಿಸಿ, ಕ್ಷಮಿಸಿ ಎನ್ನುತ್ತಿದ್ದಾಳೆ. ಅವರು ತಲೆಬಾಗಿಸಿ, "ಹಾಯ್, ಹಾಯ್", ಆಯಿತು ಆಯಿತು ಎಂದು ಸಮಾಧಾನ ಮಾಡಿ ಮುಂದೆ ಹೋಗಿಬಿಟ್ಟರು.

ಒಳಗೆ ಓಡಿದೆ. "ಬಂದರು, ನೋಡಿ ಹೋಗಿಬಿಟ್ಟರು" ಎಂದೆ. ಅಳು ಬಂದಿತ್ತು.

"ಹೋದರೇ?" ವಾಲ್ಟರ್ ಸಾನ್ ಕಣ್ಣು ತೆರೆದರು. "ಬಾಗಿಲಲ್ಲಿ ಏನಾದರೂ ಕಟ್ಟಿದಿರಾ?"

"ಹಳದಿ ಬಟ್ಟೆ."

"ದೇವರೇ. ಈ ಓಣಿಯಲ್ಲಿ ಅಷ್ಟು ಅಚ್ಚುಕಟ್ಟಾಗಿ ಯಾರೂ ಕಟ್ಟಿರಲಿಕ್ಕಿಲ್ಲ. ತೆಗೆಯಿರಿ. ನಾವು ಕ್ಷೇಮವಾಗಿಲ್ಲ."

ಬಟ್ಟೆಯ ಗಂಟು ಬಿಚ್ಚುವಾಗ ಎರಡನೆಯ ಸಲ ನಡುಗಿತು. ತಂತಿಗಳು ಮತ್ತೆ ಗುಂಯ್ ಎಂದವು. ವಾಪಸ್ ಬರುವಷ್ಟರಲ್ಲಿ ಪಿಯಾನೊ ಇನ್ನೊಂದು ಬೆರಳಿನಷ್ಟು ಮುಂದೆ ಬಂದಿತ್ತು. ಈಗ ಅಡುಗೆಮನೆಯಲ್ಲಿ ತಟ್ಟೆಗಳು ಸದ್ದು ಮಾಡಿದಾಗ ನನಗೆ ನೆನಪಾಗುವುದು ಇದೇ ಗಳಿಗೆ. ಅದು ಮೃಗದ ಹಾಗೆ ನುಗ್ಗಿ ಬರಲಿಲ್ಲ. ಪ್ರತಿ ಸಲ ಸ್ವಲ್ಪ ಸ್ವಲ್ಪ, ತೂಕದ ಅನುಸಾರ ಬರುತ್ತಿತ್ತು.

"ಚಕ್ರ" ಎಂದರು ವಾಲ್ಟರ್ ಸಾನ್. "ಚಕ್ರಕ್ಕೆ ಏನಾದರೂ ಕೊಡಿ. ದಪ್ಪದ್ದು."

ಮೇಜಿನ ಮೇಲೆ ಪದಮೂಲದ ನಿಘಂಟಿತ್ತು. ತಂದು ಮುಂದಿನ ಚಕ್ರಕ್ಕೆ ಒದ್ದು ಒದ್ದು ಸಿಕ್ಕಿಸಿದೆ. ಅವರ ಮುಖದಲ್ಲಿ ಕಾಲಿನ ನೋವಿಗಿಂತ ದೊಡ್ಡ ನೋವು ಕಾಣಿಸಿತು.

"ಎರಡನೆಯ ಸಂಪುಟ ತರಬಾರದಿತ್ತೇ" ಎಂದರು. "ಅದು ನಾನು ಬಳಸುವುದು ಕಡಿಮೆ."

ಮೂರನೆಯ ಸಲ ಅಲುಗಿದಾಗ ಚಕ್ರ ನಿಘಂಟನ್ನು ಕಚ್ಚಿ ನಿಂತಿತು. ಅವರ ಕೈ ಹಿಡಿದುಕೊಂಡು ಕೂತೆ. ಎಷ್ಟು ಹೊತ್ತು ಎಂದು ತಿಳಿಯದು.

ಆಮೇಲೆ ಬಾಗಿಲಲ್ಲಿ ಕಬ್ಬಿಣದ ಸದ್ದು. ಹಾರೆಯಲ್ಲಿ ಬಾಗಿಲನ್ನು ಕೆಳಗಿನ ಜಾಡಿನಿಂದಲೇ ಎತ್ತಿ, ಚಿಲಕ ಸಮೇತ ಪಕ್ಕಕ್ಕಿಟ್ಟು, ಅದೇ ಮುದುಕಿ ಒಳಗೆ ಬಂದರು. ಆ ಗಡಿಬಿಡಿಯಲ್ಲೂ ಬೂಟು ಬಿಚ್ಚಲೆಂದು ಒಂದು ಕ್ಷಣ ಬಾಗಿದವರು, ಬಿಚ್ಚದೆ ಬಂದರು.

ಪಾರ್ಕು

ಆ ಮುದುಕಿಯ ಹೆಸರು ಹಿರಾನೋ ಸಾನ್. ಹಿಂದೆ ಲಾಂಡ್ರಿ ಅಂಗಡಿ ಇಟ್ಟಿದ್ದರಂತೆ. ಓಣಿಯ ಮನೆಗಳೆಲ್ಲ ಸೇರಿ ಒಂದು ಗುಂಪು, ವರ್ಷಕ್ಕೊಬ್ಬರಂತೆ ಅದರ ಮುಖ್ಯಸ್ಥರು. ಆ ವರ್ಷ ಅವರು.

ಸುನಾಮಿ ಬರಲಿಲ್ಲ, ಧ್ವನಿವರ್ಧಕ ಹೇಳುತ್ತಿದ್ದದ್ದು ಅದನ್ನೇ. ಓಣಿಯವರೆಲ್ಲ ಪಕ್ಕದ ಸಣ್ಣ ಪಾರ್ಕಿನಲ್ಲಿ ಸೇರಿದ್ದರು. ಆಂಬುಲೆನ್ಸಿನವರು 'ಬರುತ್ತೇವೆ, ನಿಧಾನವಾಗುತ್ತದೆ' ಎಂದಿದ್ದರಿಂದ, ಪಿಯಾನೊದಿಂದ ಬಿಡಿಸಿದ ವಾಲ್ಟರ್ ಸಾನ್ ಅವರನ್ನು ಕಿತ್ತಿಟ್ಟ ಬಾಗಿಲ ಮೇಲೇ ಮಲಗಿಸಿ ಹೊತ್ತು ತಂದಿದ್ದರು. ಹಿರಾನೋ ಸಾನ್ ನನ್ನೆದುರು ನಿಂತು ದೀರ್ಘವಾಗಿ ಏನೋ ಹೇಳಿದರು. ದನಿ ಏರಲಿಲ್ಲ, ಆದರೂ ಬೈಗುಳ ಎಂದು ತಿಳಿಯಿತು. ವಾಲ್ಟರ್ ಸಾನ್ ಮಲಗಿದಲ್ಲಿಂದಲೇ ಅನುವಾದಿಸಿದರು.

"ಬಟ್ಟೆ ಕಟ್ಟದ ಮನೆಗೆ ಬರುತ್ತೇವೆ. ಕಟ್ಟಿದ ಬಟ್ಟೆ ಮಾಯವಾದರೆ ಓಡಿ ಬರುತ್ತೇವೆ. ಮುಂದಿನ ಸಲ ಸುಮ್ಮನೆ ಏನೂ ಕಟ್ಟದೆ ಇರಿ ಎನ್ನುತ್ತಿದ್ದಾರೆ. ಮುಂದಿನ ಸಲ ಎನ್ನುವುದನ್ನು ಅವರು ಆಹ್ವಾನವಾಗಿ ಹೇಳಿದ್ದೋ ಏನೋ, ನನಗೂ ಗೊತ್ತಿಲ್ಲ."

ಆಮೇಲೆ ಆ ಮುದುಕಿ ತಮ್ಮ ಕೋಟು ಬಿಚ್ಚಿ ನನ್ನ ಹೆಗಲಿಗೆ ಹಾಕಿದರು.

ಬೆಂಗಳೂರಿನ ನಮ್ಮ ಕಟ್ಟಡದಲ್ಲಿ ಹನ್ನೆರಡು ಮನೆ. ಮೇಲಿನ ಮಹಡಿಯವರ ಕಾರಿನ ನಂಬರು ನನಗೆ ಗೊತ್ತು, ಅಡ್ಡ ನಿಲ್ಲಿಸುತ್ತಾರೆ. ಹೆಸರು ಗೊತ್ತಿಲ್ಲ.

ರಾತ್ರಿ ಟೋಯೋಸುವಿನಲ್ಲಿ ಅನಘಾ ಎಲ್ಲವನ್ನೂ ಕೇಳಿಸಿಕೊಂಡು, "ದೊಡ್ಡಮ್ಮ, ಓಕೆ ಇದ್ರೆ ಮಾತ್ರ ಓಕೆ ಅಂತ ಹಾಕ್ಬೇಕು" ಎಂದಳು. ಶುಭಾ ಅವಳನ್ನು ಗದರಿದಳು. ಗದರಬೇಕಾಗಿರಲಿಲ್ಲ.

ಟೋಕಿಯೊ: ಕೊನೆಯ ದಿನ

ಕಾಲಿನ ಎರಡು ಮೂಳೆ ಮುರಿದಿತ್ತು, ಕಾಲು ಉಳಿಯಿತು. ರಾಯಭಾರ ಕಚೇರಿಯಲ್ಲಿ ಕೊಟ್ಟಿದ್ದ ದಿನವನ್ನು ಮುಂದೂಡಿ ಎಂದು ಮೊರಿತಾ ಸಾನ್ ಹೇಳಿದರೂ ವಾಲ್ಟರ್ ಸಾನ್ ಒಪ್ಪಲಿಲ್ಲ. ಮೊರಿತಾ ಸಾನ್ ತಮ್ಮ ಕಾರು ತಂದರು. ನನ್ನ ವಿಮಾನ ಅಂದು ರಾತ್ರಿ, ನಾನೂ ಜೊತೆಗೆ ಹೋದೆ.

ಓಣಿಯಲ್ಲಿ ಕಾರು ಹತ್ತುವಾಗ ಹಿರಾನೋ ಸಾನ್ ಗುಡಿಸುತ್ತಿದ್ದರು. ಎಲ್ಲಿಗೆ ಎಂದು ಕೇಳಿದರು. ವಾಲ್ಟರ್ ಸಾನ್ ಊರುಗೋಲಿನ ಮೇಲೆ ನಿಂತು ನೇರವಾಗಿ ಹೇಳಿಬಿಟ್ಟರು: ಜರ್ಮನಿಯ ಪೌರತ್ವ ಕೇಳಲು. ಸಿಕ್ಕಿದರೆ ಜಪಾನಿನದು ಹೋಗುತ್ತದೆ. ನಾನು ಇಲ್ಲಿಯವನಾಗಿ ಉಳಿಯುವುದಿಲ್ಲ.

ಮುದುಕಿ ಪೊರಕೆ ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. ಇವರು ಅಡ್ಡ ತಲೆಯಾಡಿಸಿದರು. ಅವರು ಇನ್ನೇನೋ ಹೇಳಿ ಮತ್ತೆ ಗುಡಿಸತೊಡಗಿದರು. ಕಾರಿನಲ್ಲಿ ಸ್ವಲ್ಪ ದೂರ ಹೋದ ಮೇಲೆ ಮೊರಿತಾ ಸಾನ್ ನಗು ತಡೆಯಲಾಗದೆ ನನಗೆ ಬಿಡಿಸಿ ಹೇಳಿದರು.

"ಮನೆ ಖಾಲಿ ಮಾಡುತ್ತೀರಾ ಎಂದು ಕೇಳಿದರು. ಇಲ್ಲ ಎಂದರು ಇವರು. ಹಾಗಾದರೆ ಏಪ್ರಿಲ್‌ನಿಂದ ಗುಂಪಿನ ಸರದಿ ನಿಮ್ಮದೇ, ಕಾಲಿನ ನೆಪ ಹೇಳಿ ತಪ್ಪಿಸಿಕೊಳ್ಳಬೇಡಿ, ಸರದಿ ಇರುವುದು ಮನೆಗೆ, ಪಾಸ್‌ಪೋರ್ಟಿಗಲ್ಲ ಎಂದರು."

ವಾಲ್ಟರ್ ಸಾನ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಕಚೇರಿಯೊಳಗೆ ಅವರೊಬ್ಬರೇ ಹೋದರು. ಹೊರಬಂದಾಗ ದಣಿದಿದ್ದರು. ಅರ್ಜಿ ಕೊಟ್ಟಾಯಿತು, ಉತ್ತರಕ್ಕೆ ತಿಂಗಳುಗಟ್ಟಲೆ ಆಗುತ್ತದೆ. ಜಪಾನಿನದು ಹೋದ ಮೇಲೆ ಇಲ್ಲಿರಲು ಪರವಾನಗಿಗೆ ಬೇರೆ ಅರ್ಜಿ ಹಾಕಬೇಕು, ಸಿಗಬಹುದು, ಸಿಗುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ ಎಂದರು. ರಸ್ತೆಬದಿಯ ಬೆಂಚಿನ ಮೇಲೆ ಕೂತು ಹನ್ನಾಗೆ ಫೋನ್ ಮಾಡಿದರು. ಕಿವಿ ಮಂದ, ಸ್ಪೀಕರ್ ಹಾಕಿದರು. ಹಾಂಬುರ್ಗಿನಲ್ಲಿ ಇನ್ನೂ ಬೆಳಗು.

"ಅರ್ಜಿ ಕೊಟ್ಟೆ" ಎಂದರು. "ಅಜ್ಜನಿಗಾಗಿ."

ಅತ್ತ ಕಡೆ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ. ಯಾವಾಗ ಬರುತ್ತೀಯಾ, ಮೇಲಿನ ಕೋಣೆಗೆ ಬಣ್ಣ ಹೊಡೆಸುತ್ತೇನೆ ಎಂದಳು.

"ಬರುವುದಿಲ್ಲ ಹನ್ನಾ. ನೋಡಿಕೊಂಡು ಹೋಗಲು ಬರುತ್ತೇನೆ. ಇರಲು ಬರುವುದಿಲ್ಲ."

ಮೊರಿತಾ ಸಾನ್ ಎದ್ದು ಸ್ವಲ್ಪ ದೂರ ಹೋಗಿ ನಿಂತರು. ನಾನು ಏಳಬೇಕೆಂದುಕೊಂಡೆ, ಅವರ ಊರುಗೋಲು ನನ್ನ ಕೈಯಲ್ಲಿತ್ತು.

"ಮತ್ತೆ ಅಲುಗಿದರೆ?" ಎಂದಳು ಹನ್ನಾ. "ಅವತ್ತು ಆ ಇಂಡಿಯಾದ ಹೆಂಗಸು ಇರದಿದ್ದರೆ ಏನಾಗುತ್ತಿತ್ತು? ಮುಂದಿನ ಸಲ ಯಾರು ಬರುತ್ತಾರೆ ಅಪ್ಪಾ, ಹೇಳು. ಯಾರು?"

ವಾಲ್ಟರ್ ಸಾನ್ ಯೋಚಿಸಿದರು. ಆಮೇಲೆ ಕಣ್ಣು ಮುಚ್ಚಿ, ಓಣಿಯ ಬಾಯಿಯಿಂದ ನಡೆದುಬರುವವರ ಹಾಗೆ, ಒಂದೊಂದೇ ಮನೆಯ ಹೆಸರು ಹೇಳತೊಡಗಿದರು. ಎಡಗಡೆ ಸಾತೋ, ಗಂಡ ಹೆಂಡತಿ ಇಬ್ಬರೂ ಹಗಲು ಮನೆಯಲ್ಲಿರುತ್ತಾರೆ. ಪಕ್ಕದಲ್ಲಿ ಇಶಿಕಾವಾ, ಹಾರೆ ಅವರದು. ಎದುರಿಗೆ ಹಿರಾನೋ. ಆಚೆ ಮನೆ ಖಾಲಿ. ಅದರಾಚೆ ನಕಾನೋ, ಮಗ ಆಸ್ಪತ್ರೆಯಲ್ಲಿ ನರ್ಸು.

"ಅಪ್ಪಾ, ನಿಲ್ಲು" ಎಂದಳು ಹನ್ನಾ. ಕುರ್ಚಿ ಸರಿದ ಸದ್ದು, ಡ್ರಾಯರು ಎಳೆದ ಸದ್ದು ಕೇಳಿಸಿತು. "ಮೊದಲಿನಿಂದ ಹೇಳು. ನಿಧಾನವಾಗಿ. ಬರೆದುಕೊಳ್ಳುತ್ತೇನೆ."